ಹದಿನೈದು ತುಂಬಿದ ಆಲ್ಟೊಗೆ ಎಫ್‌ಸಿ: ಆಗಸ್ಟ್‌ನಿಂದ ನವೆಂಬರ್‌ವರೆಗೆ

ಆರ್‌ಸಿ ಕಾರ್ಡಿನಲ್ಲಿ ನೋಂದಣಿ ಎಲ್ಲಿಯವರೆಗೆ ಚಾಲ್ತಿಯಲ್ಲಿದೆ ಎಂಬ ತಾರೀಖು ಇರುತ್ತದೆ. ಹೆಚ್ಚಿನವರು ಅದನ್ನು ಒಮ್ಮೆಯೂ ನೋಡಿರುವುದಿಲ್ಲ. ನಮ್ಮ ಆಲ್ಟೊ ಎಲ್‌ಎಕ್ಸ್‌ಐ ಕಾರಿನ ಕಾರ್ಡಿನಲ್ಲಿ 17-11-2025 ಎಂದಿತ್ತು. ಖಾಸಗಿ ಕಾರಿನ ನೋಂದಣಿಗೆ ಹದಿನೈದು ವರ್ಷ ಆಯುಸ್ಸು. ಅದು ಮುಗಿದ ಮೇಲೆ ಗಾಡಿಯನ್ನು ತಪಾಸಣೆಗೆ ಒಯ್ದು, ಪಾಸಾದರೆ ಐದೈದು ವರ್ಷಕ್ಕೆ ನವೀಕರಿಸಿಕೊಳ್ಳಬೇಕು. ಕಾನೂನಿನ ಭಾಷೆಯಲ್ಲಿ ಇದು ನೋಂದಣಿ ನವೀಕರಣ, ಬೆಂಗಳೂರಿನ ಗ್ಯಾರೇಜುಗಳಲ್ಲಿ ಮಾತ್ರ ಎಲ್ಲರೂ ಹೇಳುವುದು "ಎಫ್‌ಸಿ" (ಫಿಟ್‌ನೆಸ್ ಸರ್ಟಿಫಿಕೇಟ್) ಎಂದೇ. ಹಳದಿ ಬೋರ್ಡಿನ ಟ್ಯಾಕ್ಸಿಗೆ ಎಂಟು ವರ್ಷದವರೆಗೆ ಎರಡು ವರ್ಷಕ್ಕೊಮ್ಮೆ, ಆಮೇಲೆ ಪ್ರತಿ ವರ್ಷ ಎಫ್‌ಸಿ ಆಗುತ್ತದೆ. ಬ್ರಿಟನ್ನಿನಲ್ಲಿ ಮನೆ ಕಾರನ್ನೂ ಮೂರು ವರ್ಷ ತುಂಬಿದ ಮೇಲೆ ವರ್ಷಕ್ಕೊಮ್ಮೆ ಪರೀಕ್ಷೆಗೆ ಒಡ್ಡುತ್ತಾರೆ. ನಮ್ಮ ಬಿಳಿ ಬೋರ್ಡಿನ ಕಾರಿನ ಹೊಟ್ಟೆಯ ಕೆಳಗೆ ಮಾತ್ರ ಹದಿನೈದು ವರ್ಷ ಯಾವ ಅಧಿಕಾರಿಯೂ ಇಣುಕುವುದಿಲ್ಲ. ಹಾಗಾಗಿ ಹದಿನೈದು ವರ್ಷದ ತುಕ್ಕು, ಸವೆತ, ಕಳೆದ ಕಾಗದ ಎಲ್ಲವೂ ಒಂದೇ ಸಲ ಎದುರು ಬಂದು ನಿಲ್ಲುತ್ತವೆ.

ಕೊನೆಯ ದಿನಕ್ಕೆ ಅರವತ್ತು ದಿನ ಮುಂಚಿನಿಂದ ಅರ್ಜಿ ಹಾಕಬಹುದು. ಅರವತ್ತು ದಿನ ಧಾರಾಳ ಎನಿಸುತ್ತದೆ, ಆದರೆ ಸಾಲದು. ನಾವು ಆಗಸ್ಟ್ ಕೊನೆಯ ವಾರದಲ್ಲೇ ಕಾಗದದ ಕೆಲಸ ಶುರು ಮಾಡಿದ್ದರಿಂದ ಬಚಾವಾದೆವು. ಇದೇ ದಾರಿ ಹಿಡಿಯುವವರು ಮೊದಲು ಕಾಗದ ನೋಡಿ, ಆಮೇಲೆ ಗಾಡಿ. ಗಾಡಿಯ ದೋಷ ಯಾವುದಿದ್ದರೂ ಒಂದು ವಾರದಲ್ಲಿ ಸರಿಯಾಗುತ್ತದೆ. ಕಾಗದದ ದೋಷಕ್ಕೆ ಎಷ್ಟು ದಿನ ಬೇಕೆಂದು ಮುಂಚಿತವಾಗಿ ಹೇಳಲು ಬರುವುದಿಲ್ಲ.

ಮೊದಲ ತಡೆ ಮೊಬೈಲ್ ನಂಬರ್. ಗಾಡಿ ದಾಖಲೆಗಳ ಸರಕಾರಿ ಜಾಲತಾಣವಾದ ಪರಿವಾಹನ್ ಪೋರ್ಟಲ್‌ನಲ್ಲಿ ಗಾಡಿ ನಂಬರ್ ಮತ್ತು ಚಾಸಿಸ್ ನಂಬರಿನ ಕೊನೆಯ ಐದು ಅಕ್ಷರ ಹಾಕಿದರೆ ಒಟಿಪಿ ಹೋಗುವುದು ದಾಖಲೆಯಲ್ಲಿರುವ ನಂಬರಿಗೆ. 2010ರ ದಾಖಲೆಯಲ್ಲಿದ್ದದ್ದು ಕಾರು ಮಾರಿದ ಅಂಗಡಿಯವರ ನಂಬರ್. ಆ ಕಾಲದಲ್ಲಿ ತೆಗೆದುಕೊಂಡ ಎಷ್ಟೋ ಗಾಡಿಗಳ ಕಥೆ ಇದೇ. ನಂಬರ್ ಬದಲಿಸಲು ಪೋರ್ಟಲ್‌ನಲ್ಲೇ ಅವಕಾಶವಿದೆ. ಚಾಸಿಸ್ ನಂಬರ್, ಎಂಜಿನ್ ನಂಬರ್, ನೋಂದಣಿ ದಿನಾಂಕ ಮೂರನ್ನೂ ಕಾರ್ಡಿನಲ್ಲಿರುವ ಹಾಗೆಯೇ ತುಂಬಬೇಕು. ಸೊನ್ನೆ ಎಲ್ಲಿ, ಇಂಗ್ಲಿಷಿನ ಓ ಎಲ್ಲಿ ಎಂದು ಕಾರ್ಡನ್ನು ಬೆಳಕಿಗೆ ಹಿಡಿದು ನೋಡಿ. ಸವೆದ ಕಾರ್ಡಿನಲ್ಲಿ ಎಂಟೂ ಬಿ ಅಕ್ಷರವೂ ಒಂದೇ ತರ ಕಾಣುತ್ತವೆ.

ಎರಡನೆಯ ತಡೆಯೇ ನಿಜವಾಗಿ ಬೆವರಿಳಿಸಿದ್ದು. ಕಾರಿನ ಸಾಲ ತೀರಿ ಹತ್ತು ವರ್ಷವಾಗಿತ್ತು. ಆರ್‌ಸಿಯಲ್ಲಿ ಮಾತ್ರ ಬ್ಯಾಂಕಿನ ಹೆಸರು ಹಾಗೇ ಕೂತಿತ್ತು. ಸಾಲ ತೀರಿದಾಗ ಬ್ಯಾಂಕು ಕೊಡುವ ಎನ್‌ಒಸಿ (ಆಕ್ಷೇಪವಿಲ್ಲ ಎಂಬ ಪತ್ರ) ಮತ್ತು ಸಾಲದ ಹೆಸರು ತೆಗೆಸುವ ಫಾರಂ 35 ಅನ್ನು ಆರ್‌ಟಿಒಗೆ ಕೊಟ್ಟು ಹೆಸರು ತೆಗೆಸಬೇಕಿತ್ತು, ತೆಗೆಸಿರಲಿಲ್ಲ. ಹಳೆಯ ಎನ್‌ಒಸಿ ಸಿಕ್ಕಿತಾದರೂ ಉಪಯೋಗಕ್ಕೆ ಬರಲಿಲ್ಲ. ಅವಧಿ ಮೀರಿದ್ದು ನಡೆಯುವುದಿಲ್ಲ, ಹೊಸದು ತನ್ನಿ ಎಂದರು ಆರ್‌ಟಿಒದವರು. ಸಾಲ ಕೊಟ್ಟ ಶಾಖೆ ಅಷ್ಟರಲ್ಲಿ ಬೇರೆ ಬ್ಯಾಂಕಿನಲ್ಲಿ ವಿಲೀನವಾಗಿ, ಸಾಲದ ಖಾತೆ ಹೊಸ ಗಣಕಕ್ಕೆ ಬಂದಿರಲಿಲ್ಲ. ಪತ್ರ ಕೈಗೆ ಬರಲು 19 ದಿನ ಹಿಡಿಯಿತು. ಸಾಲ ತೀರಿದ ತಿಂಗಳ ಖಾತೆ ವಿವರದ ಪ್ರತಿ ಮನೆಯಲ್ಲಿ ಇಟ್ಟಿದ್ದರಿಂದ ಅಷ್ಟರಲ್ಲಿ ಮುಗಿಯಿತು. ಅದಿಲ್ಲದಿದ್ದರೆ ಇನ್ನೂ ಎಳೆಯುತ್ತಿತ್ತು.

ಕರ್ನಾಟಕದಲ್ಲಿ ಈ ತೊಂದರೆ ಹೆಚ್ಚಿರಲು ಕಾರಣವಿದೆ. ಇಲ್ಲಿಯೇ ಹುಟ್ಟಿ ಬೆಳೆದ ಬ್ಯಾಂಕುಗಳಲ್ಲಿ ಹಲವು ಈಗ ಹೆಸರಿನಲ್ಲೂ ಉಳಿದಿಲ್ಲ. ಸ್ಟೇಟ್ ಬ್ಯಾಂಕ್ ಆಫ್ ಮೈಸೂರು 2017ರಲ್ಲಿ ಎಸ್‌ಬಿಐಗೆ ಸೇರಿತು. ವಿಜಯಾ ಬ್ಯಾಂಕ್ 2019ರಲ್ಲಿ ಬ್ಯಾಂಕ್ ಆಫ್ ಬರೋಡಾಕ್ಕೆ, ಸಿಂಡಿಕೇಟ್ ಬ್ಯಾಂಕ್ 2020ರಲ್ಲಿ ಕೆನರಾ ಬ್ಯಾಂಕಿಗೆ, ಕಾರ್ಪೊರೇಷನ್ ಬ್ಯಾಂಕ್ ಅದೇ ವರ್ಷ ಯೂನಿಯನ್ ಬ್ಯಾಂಕಿಗೆ ಸೇರಿದವು. ನಿಮ್ಮ ಆರ್‌ಸಿಯಲ್ಲಿ ಹಳೆಯ ಹೆಸರಿದ್ದರೆ ಈಗಿನ ಬ್ಯಾಂಕಿನ ಎನ್‌ಒಸಿಯಲ್ಲಿ "ಹಿಂದಿನ ಇಂಥ ಬ್ಯಾಂಕು" ಎಂದು ಸ್ಪಷ್ಟವಾಗಿ ಬರೆಸಿಕೊಳ್ಳಿ. ಫಾರಂ 35ರ ಎರಡು ಪ್ರತಿಗೂ ಬ್ಯಾಂಕಿನ ಮೊಹರು, ಸಹಿ ಇರಲಿ. ಒಂದರ ಮೇಲೆ ಮೊಹರು ಮಸುಕಾಗಿದೆ ಎಂದು ವಾಪಸ್ ಕಳಿಸಿದ್ದನ್ನು ಪಕ್ಕದ ಸಾಲಿನಲ್ಲೇ ನೋಡಿದೆ.

ಸಂಚಾರ ದಂಡ ಬಾಕಿ ಇದ್ದರೆ ಅದನ್ನೂ ಇದೇ ಹೊತ್ತಿಗೆ ತೀರಿಸಿ. ಆಗಸ್ಟ್ 23ರಿಂದ ಸೆಪ್ಟೆಂಬರ್ 12ರವರೆಗೆ ಅರ್ಧ ದಂಡದ ರಿಯಾಯಿತಿ ಇದ್ದದ್ದು ನಮಗೆ ಅನುಕೂಲವಾಯಿತು. 2019ರ ಏಪ್ರಿಲ್ 1ಕ್ಕಿಂತ ಹಿಂದಿನ ಗಾಡಿಗೆ ಎಚ್‌ಎಸ್‌ಆರ್‌ಪಿ ಎಂಬ ಅತಿ ಸುರಕ್ಷಿತ ನಂಬರ್ ಫಲಕವೂ ಬೇಕು. ಪೆಟ್ರೋಲ್ ಗಾಡಿಗೆ ಮುಂದಿನ ಗಾಜಿನ ಒಳಗೆ ಅಂಟಿಸುವ ತಿಳಿನೀಲಿ ಸ್ಟಿಕ್ಕರ್ ಅದರ ಭಾಗವೇ. ಫಲಕ ಹಾಕಿಸಿ ಸ್ಟಿಕ್ಕರನ್ನು ಡ್ಯಾಶ್‌ಬೋರ್ಡಿನ ಡಬ್ಬಿಯಲ್ಲಿ ಮರೆತವರು ಬಹಳ.

ಇನ್ನು ಗಾಡಿ. ಆಲ್ಟೊ ಎಂಜಿನ್ 796 ಸಿಸಿ, ಮೂರು ಸಿಲಿಂಡರ್. ತಪಾಸಣೆಯಲ್ಲಿ ಈ ಎಂಜಿನ್ನಿನಿಂದ ತೊಂದರೆಯಾಗುವುದು ಅಪರೂಪ. ಎಣ್ಣೆ ಸಮಯಕ್ಕೆ ಬದಲಿಸಿದ್ದರೆ ಹದಿನೈದು ವರ್ಷ ಅದಕ್ಕೆ ದೊಡ್ಡದೇನಲ್ಲ. ಕೈಕೊಡುವುದು ಅದರ ಸುತ್ತ ಇರುವ ತಗಡು, ರಬ್ಬರು, ಸೈಲೆನ್ಸರು, ಹಿಂದಿನ ಡ್ರಮ್ ಬ್ರೇಕು.

ಮೊದಲು ಸಿಕ್ಕಿಬಿದ್ದದ್ದು ಸೈಲೆನ್ಸರ್, ಅದೂ ಹೊಗೆ ತಪಾಸಣೆಯಲ್ಲಿ. ಬೆಂಗಳೂರಿಗೆ ಹೊಗೆ ಮಿತಿಯ ಬಿಎಸ್-4 ನಿಯಮ ಬಂದದ್ದು 2010ರ ಏಪ್ರಿಲ್‌ನಲ್ಲಿ. ಆದ್ದರಿಂದ ಅದೇ ವರ್ಷದ ಕಾರುಗಳಲ್ಲೂ ಎರಡು ಬಗೆ ಇವೆ. ಬಿಎಸ್-3 ಪೆಟ್ರೋಲ್ ಕಾರಿಗೆ ಐಡಲ್‌ನಲ್ಲಿ (ಆಕ್ಸಿಲರೇಟರ್ ಒತ್ತದೆ ಎಂಜಿನ್ ಸುಮ್ಮನೆ ಓಡುವಾಗ) ಕಾರ್ಬನ್ ಮೊನಾಕ್ಸೈಡ್ 0.5 ಶೇಕಡಾ, ಹೈಡ್ರೊಕಾರ್ಬನ್ 750 ಪಿಪಿಎಂವರೆಗೆ ಇರಬಹುದು. ಬಿಎಸ್-4 ಆದರೆ 0.3 ಶೇಕಡಾ ಮತ್ತು 200 ಪಿಪಿಎಂ. ಅಷ್ಟಲ್ಲದೆ ಎಂಜಿನ್ನನ್ನು 2,500 ಆರ್‌ಪಿಎಂಗೆ ಏರಿಸಿ ಇನ್ನೊಮ್ಮೆ ಅಳೆಯಬೇಕು. ಆಗ ಕಾರ್ಬನ್ ಮೊನಾಕ್ಸೈಡ್ 0.2 ದಾಟಬಾರದು, ಲ್ಯಾಂಬ್ಡಾ 0.97ರಿಂದ 1.03ರ ಒಳಗಿರಬೇಕು. ನಮ್ಮ ಗಾಡಿಯಲ್ಲಿ ಉಳಿದದ್ದೆಲ್ಲ ಸರಿಯಿತ್ತು, ಲ್ಯಾಂಬ್ಡಾ 1.08 ಬಂತು.

ಲ್ಯಾಂಬ್ಡಾ ಎಂದರೆ ಉರಿದ ಪೆಟ್ರೋಲಿಗೆ ಎಷ್ಟು ಗಾಳಿ ಸೇರಿತ್ತೆಂಬ ಲೆಕ್ಕ. ಒಂದಕ್ಕಿಂತ ಹೆಚ್ಚಾದರೆ ಗಾಳಿ ಜಾಸ್ತಿ. ಆ ಗಾಳಿ ಎಂಜಿನ್ನಿನೊಳಗೇ ಸೇರಿರಬೇಕೆಂದಿಲ್ಲ, ಸೈಲೆನ್ಸರಿನ ಜಾಯಿಂಟ್ ಸೋರುತ್ತಿದ್ದರೂ ಹೊರಗಿನ ಗಾಳಿ ಒಳಗೆ ಎಳೆದುಕೊಂಡು ಯಂತ್ರ ಅದನ್ನೇ ಲೆಕ್ಕ ಹಾಕುತ್ತದೆ. ಇದು ಗೊತ್ತಿಲ್ಲದೆ ಸೆನ್ಸರ್, ಪ್ಲಗ್, ಇಂಜೆಕ್ಟರ್ ಎಂದು ಸಾವಿರಗಟ್ಟಲೆ ಸುರಿಯುವವರಿದ್ದಾರೆ. ಪರೀಕ್ಷೆ ಸುಲಭ. ಎಂಜಿನ್ ತಣ್ಣಗಿರುವಾಗ ಸ್ಟಾರ್ಟ್ ಮಾಡಿ, ಇನ್ನೊಬ್ಬರು ಒದ್ದೆ ಬಟ್ಟೆಯಿಂದ ಸೈಲೆನ್ಸರ್ ಬಾಯಿಯನ್ನು ಎರಡು ಮೂರು ಸೆಕೆಂಡ್ ಒತ್ತಿ ಹಿಡಿಯಲಿ. ನೀವು ಪಕ್ಕದಲ್ಲಿ ಕೂತು ಕಿವಿಗೊಡಿ. ಸೋರುವ ಕಡೆ ಉಸ್ಸೆಂಬ ಸದ್ದು ಬರುತ್ತದೆ, ಸುತ್ತ ಕಪ್ಪು ಮಸಿಯ ಗೆರೆಯೂ ಇರುತ್ತದೆ. ನಮ್ಮಲ್ಲಿ ಸೋರುತ್ತಿದ್ದದ್ದು ನಡುವಿನ ಜಾಯಿಂಟ್. ರಿಂಗ್ ಗ್ಯಾಸ್ಕೆಟ್, ಎರಡು ಬೋಲ್ಟು, ಕೂಲಿ ಸೇರಿ 350 ರೂಪಾಯಿಗೆ ಮುಗಿಯಿತು, ಲ್ಯಾಂಬ್ಡಾ 1.01ಕ್ಕೆ ಇಳಿಯಿತು. ಮನೆಯಿಂದ ಅಂಗಡಿಗೆ, ಅಂಗಡಿಯಿಂದ ಮನೆಗೆ ಎಂದು ಎರಡು ಮೂರು ಕಿಲೊಮೀಟರ್ ಓಡುವ ಗಾಡಿಯಲ್ಲಿ ಸೈಲೆನ್ಸರ್ ಪೂರ್ತಿ ಕಾಯುವುದೇ ಇಲ್ಲ. ಹೊಗೆಯ ನೀರು ಒಳಗೇ ನಿಂತು ತಗಡು ತಿನ್ನುತ್ತದೆ. ಹೊಗೆ ತಪಾಸಣೆಗೆ ಹೋಗುವ ಮುನ್ನ ಇಪ್ಪತ್ತು ನಿಮಿಷ ಓಡಿಸಿಕೊಂಡು ಹೋಗಿ. ಹೊಗೆಯನ್ನು ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಬಿಸಿಯಾಗದೆ ಕೆಲಸ ಮಾಡುವುದಿಲ್ಲ.

ತುಕ್ಕಿನ ವಿಷಯವನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಇಲ್ಲಿಯೇ ಜನ ಮೋಸ ಹೋಗುವುದು. ಬೆಂಗಳೂರು ಮಂಗಳೂರಲ್ಲ, ಉಪ್ಪು ಗಾಳಿ ಇಲ್ಲ. ಹೊರಗಿನ ಬಣ್ಣ ಚೆನ್ನಾಗಿಯೇ ಇರುತ್ತದೆ, ತುಕ್ಕು ಹಿಡಿಯುವುದು ಒಳಗಿನಿಂದ. ವೈಪರ್ ಕೆಳಗಿನ ಜಾಲರಿಯಲ್ಲಿ ಹೊಂಗೆ ಎಲೆ, ಗುಲ್‌ಮೊಹರ್ ಎಸಳು ಬಿದ್ದು ಕೊಳೆತು, ನೀರು ಹೋಗುವ ತೂತು ಮುಚ್ಚುತ್ತದೆ. ಎಸಿಯ ನೀರಿನ ಕೊಳವೆ ಧೂಳಿನಿಂದ ಕಟ್ಟಿಕೊಂಡರೆ ಆ ನೀರು ಒಳಗೆ ಕಾಲಿಡುವ ಜಾಗಕ್ಕೆ ಇಳಿಯುತ್ತದೆ. ಮೇಲೆ ರಬ್ಬರ್ ಮ್ಯಾಟ್, ಅದರಡಿ ಕಾರ್ಪೆಟ್, ಅದರಡಿ ನಾರಿನ ಹಾಸು. ನೀರು ತಿಂಗಳುಗಟ್ಟಲೆ ಅಲ್ಲೇ ಇರುತ್ತದೆ, ಮುಗ್ಗಲು ವಾಸನೆಯಷ್ಟೇ ಸುಳಿವು. ಕಾರ್ಪೆಟ್ ಎತ್ತಿ ಸ್ಕ್ರೂಡ್ರೈವರಿನ ಹಿಡಿಯಿಂದ ತಟ್ಟುತ್ತಾ ಬನ್ನಿ. ಗಟ್ಟಿ ತಗಡು ಠಣ್ ಎನ್ನುತ್ತದೆ, ತುಕ್ಕು ತಿಂದದ್ದು ಬೊದ್ ಎನ್ನುತ್ತದೆ. ನಮ್ಮ ಗಾಡಿಯಲ್ಲಿ ಎಡಗಡೆ ಅಂಗೈ ಅಗಲದಷ್ಟು ಜಾಗ ಬೊದ್ ಎಂದಿತು. ಇನ್ನೊಂದು ಏಟಿಗೆ ಕೆಳಗಿನ ನೆಲ ಕಾಣಿಸಿತು.

ಇದಕ್ಕೆ ಫೈಬರ್ ಅಂಟಿಸಿ, ಪುಟ್ಟಿ ಬಳಿದು, ಮೇಲೆ ಕಪ್ಪು ಅಂಡರ್‌ಬಾಡಿ ಹೊಡೆಯುತ್ತೇವೆ, ಯಾರಿಗೂ ಗೊತ್ತಾಗಲ್ಲ ಎನ್ನುವವರು ಸಿಗುತ್ತಾರೆ. ದಯವಿಟ್ಟು ಒಪ್ಪಬೇಡಿ. ಸೀಟು, ಬೆಲ್ಟು ಕಚ್ಚಿಕೊಂಡಿರುವುದು ಆ ತಗಡಿಗೇ. ಕೊಳೆತದ್ದನ್ನು ಗಟ್ಟಿ ತಗಡು ಸಿಗುವವರೆಗೆ ಕತ್ತರಿಸಿ, 20 ಗೇಜ್ ಹಾಳೆ ಇಟ್ಟು ವೆಲ್ಡ್ ಮಾಡಿಸಿ, ಜಿಂಕ್ ಪ್ರೈಮರ್, ಅಂಚಿಗೆ ಸೀಲರ್, ಕೊನೆಗೆ ಅಂಡರ್‌ಬಾಡಿ ಕೋಟಿಂಗ್ ಹೊಡೆಸಬೇಕು. ವೆಲ್ಡಿಂಗ್‌ಗೆ ಮುಂಚೆ ಬ್ಯಾಟರಿಯ ನೆಗೆಟಿವ್ ವೈರನ್ನೂ ಎಂಜಿನ್ನಿನ ಗಣಕವಾದ ಇಸಿಎಂನ ಕಪ್ಲರನ್ನೂ ಬಿಚ್ಚಿಸಿ. ಬಿಚ್ಚದೆ ವೆಲ್ಡ್ ಮಾಡಿ ಇಸಿಎಂ ಸುಟ್ಟುಕೊಂಡರೆ ಗಾಡಿಯ ಬೆಲೆಯ ದೊಡ್ಡ ಪಾಲು ಅದಕ್ಕೇ ಹೋಗುತ್ತದೆ. ನಮಗೆ ಎರಡು ದಿನ ಮತ್ತು 4,200 ರೂಪಾಯಿ ಹಿಡಿಯಿತು.

ಚಾಸಿಸ್ ನಂಬರ್ ಇರುವುದು ಬಾನೆಟ್ ಎತ್ತಿದಾಗ ಎಂಜಿನ್ನಿನ ಹಿಂದೆ ಕಾಣುವ ಅಡ್ಡ ತಗಡಿನ ಮೇಲೆ, ಕೊರೆದ ಅಕ್ಷರದಲ್ಲಿ. ಫಾರಂ ಜೊತೆ ಇದರ ಪೆನ್ಸಿಲ್ ಅಚ್ಚು ಕೊಡಬೇಕು. ಎಣ್ಣೆ, ಧೂಳು ಮೆತ್ತಿ ಅಕ್ಷರ ಮುಚ್ಚಿಹೋಗಿದ್ದರೆ ಸೀಮೆಎಣ್ಣೆ ಅಥವಾ ಡೀಸೆಲ್‌ನಲ್ಲಿ ಅದ್ದಿದ ಬಟ್ಟೆ ಐದು ನಿಮಿಷ ಒತ್ತಿಟ್ಟು, ಹಳೆಯ ಟೂತ್‌ಬ್ರಷ್‌ನಿಂದ ಉಜ್ಜಿ. ಉಪ್ಪುಕಾಗದ, ವೈರ್ ಬ್ರಷ್ ಮುಟ್ಟಿಸಲೇಬೇಡಿ. ಉಜ್ಜಿದ ಗುರುತಿದ್ದರೆ ನಂಬರ್ ತಿದ್ದಿದ್ದಾರೆ ಎಂಬ ಅನುಮಾನಕ್ಕೆ ದಾರಿ, ಆ ಅನುಮಾನ ಹುಟ್ಟಿದರೆ ಬಿಡಿಸಿಕೊಳ್ಳುವುದು ಬಲು ಕಷ್ಟ. ಒಣಗಿದ ಮೇಲೆ ತೆಳು ಬಿಳಿ ಹಾಳೆ ಇಟ್ಟು, ಎರಡು ತುದಿಗೆ ಟೇಪ್ ಅಂಟಿಸಿ, 4ಬಿ ಪೆನ್ಸಿಲನ್ನು ಓರೆಯಾಗಿ ಹಿಡಿದು ಒಂದೇ ದಿಕ್ಕಿಗೆ ಮೆಲ್ಲಗೆ ಎಳೆಯಿರಿ. ಮೂರು ನಾಲ್ಕು ಅಚ್ಚು ತೆಗೆದಿಟ್ಟುಕೊಳ್ಳಿ. ಒಂದು ಸಾಲುವುದಿಲ್ಲ.

ಹ್ಯಾಂಡ್‌ಬ್ರೇಕ್ ಮೇಲಕ್ಕೆ ಎಳೆದಷ್ಟೂ ಬರುತ್ತಿದ್ದರೆ ಗ್ಯಾರೇಜಿನವರು ಕೇಬಲ್ ಬಿಗಿ ಮಾಡಿ ಕಳಿಸುತ್ತಾರೆ. ಇದು ತಪ್ಪು ಚಿಕಿತ್ಸೆ. ಡ್ರಮ್ಮಿನೊಳಗಿನ ಅಡ್ಜಸ್ಟರ್ ತುಕ್ಕಿನಿಂದ ಕಚ್ಚಿಕೊಂಡು ಶೂಗಳು ಡ್ರಮ್ಮಿನಿಂದ ದೂರ ಉಳಿದಿರುವುದು ಮೂಲ ಕಾರಣ. ಕೇಬಲ್ ಮಾತ್ರ ಬಿಗಿದರೆ ಒಂದು ಚಕ್ರ ಹಿಡಿದುಕೊಂಡು ಬಿಸಿಯಾಗುತ್ತದೆ, ಇನ್ನೊಂದು ಹಿಡಿಯುವುದೇ ಇಲ್ಲ. ಡ್ರಮ್ ಬಿಚ್ಚಿ, ಅಡ್ಜಸ್ಟರ್ ತೊಳೆದು, ಆಮೇಲೆ ಕೇಬಲ್ ನೋಡಬೇಕು. ಬಿಚ್ಚಿದಾಗ ವೀಲ್ ಸಿಲಿಂಡರಿನ ರಬ್ಬರ್ ಟೋಪಿಯನ್ನು ಬೆರಳಿನಿಂದ ಎತ್ತಿ ನೋಡಿ. ಒಳಗೆ ತೇವವಿದ್ದರೆ ಸೋರುತ್ತಿದೆ ಎಂದೇ ಅರ್ಥ. ನಮ್ಮಲ್ಲಿ ಬಲಗಡೆಯದು ತೇವವಿತ್ತು, ಎರಡನ್ನೂ ಬದಲಿಸಿದೆವು. ಒಂದು ಕಡೆ ಹೊಸದು, ಇನ್ನೊಂದು ಕಡೆ ಹಳೆಯದು ಇಟ್ಟರೆ ಬ್ರೇಕ್ ಒತ್ತಿದಾಗ ಗಾಡಿ ಒಂದು ಪಕ್ಕಕ್ಕೆ ಎಳೆಯಬಹುದು. ಬಿಡಿಭಾಗದ ಅಂಗಡಿಗಳಿರುವ ಜೆ.ಸಿ. ರಸ್ತೆಯಿಂದ ತಂದ ಸಿಲಿಂಡರ್ ಜೋಡಿ, ಶೂ ಸೆಟ್, ಬ್ರೇಕ್ ಆಯಿಲ್, ಕೂಲಿ ಸೇರಿ 2,300 ಆಯಿತು.

ಟೈರಿನ ಗೀರು ಕನಿಷ್ಠ 1.6 ಮಿಲಿಮೀಟರ್ ಇರಬೇಕು. ಗೀರಿನ ನಡುವಿನ ಸಣ್ಣ ದಿಬ್ಬ ಟೈರಿನ ಮಟ್ಟಕ್ಕೆ ಬಂದಿದ್ದರೆ ಮುಗಿಯಿತು. ಗೀರು ಚೆನ್ನಾಗಿದ್ದರೂ ಪಕ್ಕದಲ್ಲಿ ಬಿರುಕು ಬಿಟ್ಟಿದ್ದರೆ ಬದಲಿಸಿ. ಹೆಡ್‌ಲೈಟಿನ ಹಳದಿಯಾದ ಪ್ಲಾಸ್ಟಿಕ್ ಮುಖವನ್ನು 1000, ಆಮೇಲೆ 2000 ನಂಬರಿನ ನೀರುಕಾಗದದಲ್ಲಿ ಉಜ್ಜಿ ಪಾಲಿಶ್ ಹಾಕಿದರೆ ಸಾಕು. ಎಲ್‌ಇಡಿ ಬಲ್ಬ್ ಹಾಕಿದ್ದರೆ ತೆಗೆದು ಮೂಲದ 60/55 ವ್ಯಾಟ್ ಎಚ್4 ಹಾಕಿ. ಗಾಜಿನ ಫಿಲ್ಮ್, ಮುಂದಿನ ಕಬ್ಬಿಣದ ಗಾರ್ಡ್ ಎರಡನ್ನೂ ಬಿಚ್ಚಿಸಿ.

ಬ್ಯಾಂಕಿನ ಹೆಸರು ದಾಖಲೆಯಿಂದ ಹೋದದ್ದು ಸೆಪ್ಟೆಂಬರ್ 24ಕ್ಕೆ. ಎರಡು ದಿನ ಬಿಟ್ಟು ನವೀಕರಣದ ಅರ್ಜಿ, ಫಾರಂ 25 ತುಂಬಿದೆವು. ನವೀಕರಣ ಶುಲ್ಕ 5,000, ಸ್ಮಾರ್ಟ್ ಕಾರ್ಡಿಗೆ 200, ಹಸಿರು ತೆರಿಗೆ 500. ಕಾರಿಗೆ ಇಪ್ಪತ್ತು ವರ್ಷ ದಾಟಿದ್ದರೆ 2025ರ ಆಗಸ್ಟ್ ಅಧಿಸೂಚನೆಯಂತೆ ನವೀಕರಣ ಶುಲ್ಕವೇ 10,000. ಅವಧಿ ಮೀರಿ ಅರ್ಜಿ ಹಾಕಿದರೆ ತಿಂಗಳಿಗೆ 500 ರೂಪಾಯಿ ಹೆಚ್ಚುವರಿ. ಅದಕ್ಕಿಂತ ದೊಡ್ಡ ಭಯ, ನೋಂದಣಿ ಇಲ್ಲದ ಗಾಡಿಯನ್ನು ರಸ್ತೆಗಿಳಿಸಿದರೆ ಮೊದಲ ಸಲಕ್ಕೇ 5,000ದವರೆಗೆ ದಂಡವಿದೆ. ಅಪಘಾತವಾದರೆ ವಿಮೆಯವರು ಕ್ಲೇಮಿಗೆ ತಕರಾರು ತೆಗೆಯಲೂ ಅದೇ ಸಾಕು.

ಆಯುಧಪೂಜೆ, ವಿಜಯದಶಮಿ ಅಕ್ಟೋಬರ್ 1, 2ರಂದು ಬಂದದ್ದರಿಂದ ಆ ವಾರ ಕಚೇರಿಗೆ ರಜೆ, ಗ್ಯಾರೇಜಿನಲ್ಲಿ ನೂಕುನುಗ್ಗಲು. ತಪಾಸಣೆ ಅಕ್ಟೋಬರ್ 9ಕ್ಕೆ ಆಯಿತು. ಬೆಳಿಗ್ಗೆ ಎಂಟೂವರೆಗೆ ಸಾಲಿನಲ್ಲಿ ನಿಂತ ಗಾಡಿಯ ಬಳಿ ಇನ್ಸ್‌ಪೆಕ್ಟರ್ ಬಂದದ್ದು ಹನ್ನೊಂದು ಮುಕ್ಕಾಲಿಗೆ. ನೋಡಿದ್ದು ಹತ್ತೇ ನಿಮಿಷ. ಆ ಹತ್ತು ನಿಮಿಷ ಎದೆ ಹೊಡೆದುಕೊಳ್ಳುತ್ತಿತ್ತು. ಮೊದಲು ಚಾಸಿಸ್ ನಂಬರ್, ಅಚ್ಚಿನ ಜೊತೆ ಒಂದೊಂದೇ ಅಕ್ಷರ. ಆಮೇಲೆ ಎಂಜಿನ್ ನಂಬರ್, ಬಣ್ಣ, ದೀಪಗಳು, ಹಾರ್ನ್, ವೈಪರ್, ಟೈರ್. ಮೂವತ್ತು ಮೀಟರ್ ಓಡಿಸಿ ಬ್ರೇಕ್ ಒತ್ತಲು ಹೇಳಿದರು. ನಾಲ್ಕೂ ಕಡೆಯಿಂದ ಫೋಟೊ ತೆಗೆದರು. ಕೊನೆಗೆ ಹಿಂದಿನ ಬಾಗಿಲು ತೆರೆದು, ಸೀಟ್ ಬೆಲ್ಟ್ ಎಲ್ಲಿ ಎಂದರು.

ಬೆಲ್ಟ್ ಇತ್ತು, ಬಕಲ್ ಕಾಣಲಿಲ್ಲ. ಸೀಟ್ ಕವರ್ ಹಾಕುವಾಗ ಬಕಲ್‌ಗಳನ್ನು ಸೀಟಿನಡಿಗೆ ತಳ್ಳಿಬಿಟ್ಟಿದ್ದರು. ಬೆಂಗಳೂರಿನಲ್ಲಿ ಕವರ್ ಹಾಕಿದ ಬಹುಪಾಲು ಹಳೆಯ ಕಾರುಗಳಲ್ಲಿ ಹೀಗೇ ಆಗಿರುತ್ತದೆ. ಜೊತೆಗೆ ಹಿಂದಿನ ನಂಬರ್ ಪ್ಲೇಟಿನ 5 ವ್ಯಾಟ್ ಬಲ್ಬ್ ಉರಿಯುತ್ತಿರಲಿಲ್ಲ. ಹಗಲು ಹೊತ್ತಿನಲ್ಲಿ ಅದನ್ನು ಯಾರು ನೋಡಿರುತ್ತಾರೆ! ಎರಡೂ ಸರಿಮಾಡಿಕೊಂಡು ಬನ್ನಿ ಎಂದರು. ಅವರು ಕೇಳಿದ್ದು ನ್ಯಾಯವಾಗಿಯೇ ಇತ್ತು. ಹಿಂದೆ ಕೂರುವುದು ಮಕ್ಕಳು, ಅಲ್ಲಿ ಬೆಲ್ಟ್ ಹಾಕಲು ಬರುವುದಿಲ್ಲವೆಂದು ಹದಿನೈದು ವರ್ಷ ನಮಗೇ ತೋಚಿರಲಿಲ್ಲ.

ಸೀಟಿನ ತಳಭಾಗ ಎತ್ತಿದಾಗ ಎರಡೂ ಬಕಲ್ ಸಿಕ್ಕವು. ಒಂದರೊಳಗೆ ಬಿಸ್ಕತ್ತಿನ ಪುಡಿ, ಧೂಳು ಗಟ್ಟಿಯಾಗಿ ಕೂತು ಕ್ಲಿಕ್ ಆಗುತ್ತಿರಲಿಲ್ಲ. ಉಗುರುಬೆಚ್ಚಗಿನ ನೀರನ್ನು ಪಿಚಕಾರಿಯಿಂದ ಹಾಯಿಸಿ, ತಲೆಕೆಳಗಾಗಿ ಒಂದು ದಿನ ಒಣಗಿಸಿದರೆ ಸರಿಹೋಗುತ್ತದೆ. ಎಣ್ಣೆ ಬಿಡಬೇಡಿ, ಎಣ್ಣೆಗೆ ಧೂಳು ಮತ್ತೆ ಅಂಟುತ್ತದೆ. ತೊಳೆದ ಮೇಲೂ ಒಂದೇ ಸಲಕ್ಕೆ ಗಟ್ಟಿಯಾಗಿ ಹಿಡಿಯದಿದ್ದರೆ ಬಕಲನ್ನೇ ಬದಲಿಸಿ. ಕವರಿನಲ್ಲಿ ಬಕಲ್ ಬರುವ ಜಾಗ ಕತ್ತರಿಸಿ ಅಂಚು ಹೊಲಿಸಿದೆವು. ಅಕ್ಟೋಬರ್ 14ಕ್ಕೆ ಮತ್ತೆ ಹೋದಾಗ ಅವೆರಡನ್ನೇ ನೋಡಿ ಸಹಿ ಹಾಕಿದರು.

ಬ್ರೋಕರ್ ಬೇಕೇ ಎಂದು ಕೇಳುವವರಿಗೆ: ಒಟಿಪಿ ನಿಮ್ಮ ಫೋನಿಗೇ ಬರಬೇಕು, ಬ್ಯಾಂಕಿನ ಪತ್ರ ನೀವೇ ತರಬೇಕು, ಗಾಡಿ ಅಲ್ಲಿ ನಿಲ್ಲಲೇಬೇಕು. ಉಳಿಯುವುದು ಫಾರಂ ತುಂಬುವುದೊಂದೇ.

ಆನ್‌ಲೈನ್‌ನಲ್ಲಿ ಅನುಮೋದನೆ ಕಂಡದ್ದು ದೀಪಾವಳಿ ಕಳೆದ ಮೇಲೆ, ಅಕ್ಟೋಬರ್ 24ಕ್ಕೆ. ಡಿಜಿಲಾಕರ್‌ನಲ್ಲಿ ಹೊಸ ದಿನಾಂಕದ ಆರ್‌ಸಿ ಮರುದಿನವೇ ಬಂತು. ಪೊಲೀಸರು ಕೇಳಿದರೆ ಅದನ್ನೇ ತೋರಿಸಬಹುದು. ಕಾರ್ಡು ಸ್ಪೀಡ್ ಪೋಸ್ಟ್‌ನಲ್ಲಿ ನವೆಂಬರ್ 6ಕ್ಕೆ ಮನೆಗೆ ತಲುಪಿತು. ಬಂದ ಕೂಡಲೇ ಹೆಸರಿನ ಅಕ್ಷರ, ಚಾಸಿಸ್ ನಂಬರ್, 17-11-2030 ಎಂಬ ಹೊಸ ತಾರೀಖು ಮೂರನ್ನೂ ಹಳೆಯ ಕಾರ್ಡಿನ ಪಕ್ಕ ಇಟ್ಟು ನೋಡಿ, ಸಾಲ ಕೊಟ್ಟವರ ಹೆಸರಿನ ಜಾಗ ಖಾಲಿ ಇದೆಯೇ ಎಂದೂ ನೋಡಿ. ನಮ್ಮ ಕಾರ್ಡಿನಲ್ಲಿ ಖಾಲಿಯಿತ್ತು. ವಿಮೆ ಪಾಲಿಸಿಯಲ್ಲಿ ಮಾತ್ರ ಆ ಹಳೆಯ ಬ್ಯಾಂಕು ಇನ್ನೂ ಇತ್ತು. ಹೊಸ ಆರ್‌ಸಿಯ ಪ್ರತಿ ಕಳಿಸಿ ಎಂಡಾರ್ಸ್‌ಮೆಂಟ್ (ಪಾಲಿಸಿಯಲ್ಲಿ ತಿದ್ದುಪಡಿ) ಕೇಳಿದ್ದಕ್ಕೆ ನಾಲ್ಕು ದಿನದಲ್ಲಿ ತೆಗೆದುಕೊಟ್ಟರು.